18 ಕಿಲೋ ಮರಳು, ಅರ್ಧ ಗ್ರಾಂ ಆಹಾರ

ಉಪ್ಪುನೀರಿನ ಅಕ್ವೇರಿಯಂಗೆ ಪಾಚಿ ಹಿಡಿದಾಗ ಮೊದಲು ಮುಖ ಕೆಡುವುದು ಮರಳಿನದು. ಬಿಳಿಯ ಹಾಸಿನ ಮೇಲೆ ಕಂದು ಪುಡಿ ಕೂರುತ್ತದೆ. ಆಮೇಲೆ ಕಡುಗೆಂಪು ಲೋಳೆಯೋ ಹಸಿರು ಕೂದಲೋ ಏಳುತ್ತದೆ. ಆಗ ತಲೆಗೆ ಹೊಳೆಯುವ ಮದ್ದೂ ಮರಳಿನದೇ: ಎಲ್ಲ ಬಾಚಿ ಎಸೆದು ಹೊಸದು ಸುರಿದುಬಿಡೋಣ. ಹಾಗೆ ಮಾಡಲು ಎಷ್ಟು ಕಿಲೋ, ಎಷ್ಟು ಲೀಟರ್, ಎಷ್ಟು ರೂಪಾಯಿ ಬೇಕು? ಇದ್ದ ಮರಳನ್ನೇ ಉಳಿಸಿಕೊಳ್ಳಲು ಎಷ್ಟು ಬೇಕು? ಎರಡೂ ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡುವುದು ಈ ಬರಹದ ಕೆಲಸ. ನೋಡಿದ ಮೇಲೆ ನನಗೆ ಸಂಶಯ ಉಳಿದಿಲ್ಲ. ತಪ್ಪು ಮರಳಿನದಲ್ಲ, ತೊಟ್ಟಿಯ ಪಕ್ಕದ ಕಪಾಟಿನಲ್ಲಿರುವ ಆಹಾರದ ಡಬ್ಬಿಯದು.

ಲೆಕ್ಕಕ್ಕೆ ಒಂದು ಮೂರಡಿ ತೊಟ್ಟಿ ಹಿಡಿಯೋಣ. ಉದ್ದ 90 ಸೆಂ.ಮೀ., ಅಗಲ 45, ಎತ್ತರ 45. ತಳದಲ್ಲಿ 3 ಸೆಂ.ಮೀ. ಮರಳು, ಅದರ ಮೇಲೆ 37 ಸೆಂ.ಮೀ. ನೀರು. ಗುಣಿಸಿದರೆ ನೀರು 150 ಲೀಟರ್. ಒಳಗಿಟ್ಟ ಕಲ್ಲುಗಳು ಒಂದಿಷ್ಟು ಜಾಗ ತಿನ್ನುತ್ತವೆ, ಕೆಳಗೆ ಜೋಡಿಸಿದ ಸೋಸುತೊಟ್ಟಿ, ಅಂದರೆ ಸಂಪ್, ಅಷ್ಟನ್ನು ತುಂಬಿಕೊಡುತ್ತದೆ. ಆದ್ದರಿಂದ 150 ಎಂದೇ ಇಟ್ಟುಕೊಳ್ಳಬಹುದು. ಮರಳಿನ ಗಾತ್ರ 12 ಲೀಟರಿಗೆ ಚೂರು ಹೆಚ್ಚು. ಇಂಥ ತೊಟ್ಟಿಗೆ ಹಾಕುವ ಅರಾಗೊನೈಟ್ ಮರಳು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅಲ್ಲಿಗೆ ನಮ್ಮ ಮರಳು 18 ಕಿಲೋ.

ಮರಳಿನೊಳಗಿನ 400 ಚದರಡಿ

ಅಂಗಡಿಯವರು ಲೈವ್ ಸ್ಯಾಂಡ್ ಎನ್ನುವ ಈ ಜೀವಂತ ಮರಳಿನಲ್ಲಿ ಜೀವ ಇರುವುದು ಕಣಗಳ ಮೈಮೇಲೆ ಮತ್ತು ಅವುಗಳ ನಡುವಿನ ಸಂದಿಗಳಲ್ಲಿ. ಕಣ ಬರೀ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೈ ಎಷ್ಟು ದೊಡ್ಡದು ಎಂಬುದನ್ನು ಒಮ್ಮೆ ಲೆಕ್ಕ ಹಾಕಿದರೆ ಮರಳನ್ನು ಎಸೆಯಲು ಕೈ ಬರುವುದಿಲ್ಲ.

ಅರಾಗೊನೈಟ್‌ನ ಸಾಂದ್ರತೆ 2.93. ಹಾಗಾಗಿ 18 ಕಿಲೋ ಮರಳಿನಲ್ಲಿ ಗಟ್ಟಿ ಕಣಗಳ ಪಾಲು ಸುಮಾರು 6.1 ಲೀಟರ್. ಉಳಿದ 6 ಲೀಟರ್ ಸಂದಿಗಳಲ್ಲಿ ನಿಂತ ನೀರು. ಒಂದೊಂದು ಕಣವೂ 1 ಮಿ.ಮೀ. ದಪ್ಪದ ಗುಂಡು ಎಂದುಕೊಂಡರೆ ಎಲ್ಲ ಕಣಗಳ ಮೇಲ್ಮೈ ಸೇರಿ 37 ಚದರ ಮೀಟರ್, ಅಂದರೆ 400 ಚದರಡಿ. ಬೆಂಗಳೂರಿನಲ್ಲಿ ಟ್ವೆಂಟಿ–ಥರ್ಟಿ ಸೈಟ್ ಎಂದರೆ 600 ಚದರಡಿ. ಅದರ ಮೂರರಲ್ಲಿ ಎರಡು ಪಾಲು ಜಾಗ ನಿಮ್ಮ ಹಜಾರದ ತೊಟ್ಟಿಯ ತಳದಲ್ಲಿ ಮಡಿಚಿಕೊಂಡು ಕೂತಿದೆ. ಕಣ ಅರ್ಧ ಮಿ.ಮೀ.ನದಾದರೆ ಜಾಗ ಇಮ್ಮಡಿಯಾಗಿ 800 ಚದರಡಿ. ನಿಜವಾದ ಕಣಗಳು ಗುಂಡಗಿರುವುದಿಲ್ಲ, ತರಿತರಿಯಾಗಿರುತ್ತವೆ, ಆದ್ದರಿಂದ ಇದು ಕನಿಷ್ಠ ಲೆಕ್ಕ. ಹೋಲಿಕೆಗೆ ನೋಡಿ: ನೀರು ತಾಗುವ ನಾಲ್ಕೂ ಗಾಜುಗಳು ಸೇರಿ ಒಂದು ಚದರ ಮೀಟರ್ ಮಾತ್ರ.

ಈ ಜಾಗದಲ್ಲಿ ಬಾಡಿಗೆ ಇಲ್ಲದೆ ದುಡಿಯುವವರು ಬ್ಯಾಕ್ಟೀರಿಯಾಗಳು. ಆಮ್ಲಜನಕ ಸಿಗುವ ಮೇಲಿನ ಪದರದಲ್ಲಿ ಒಂದು ಗುಂಪು ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಆಮ್ಲಜನಕ ಮುಗಿದ ಕೆಳಪದರದಲ್ಲಿ ಮತ್ತೊಂದು ಗುಂಪು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. 3 ಸೆಂ.ಮೀ. ಹಾಸಿನಲ್ಲಿ ಈ ಮೂರನೆಯ ಕೆಲಸ ಕಡಿಮೆ. ಅದಕ್ಕೆಂದೇ 10ರಿಂದ 15 ಸೆಂ.ಮೀ. ಮರಳು ಹಾಕುವವರೂ ಇದ್ದಾರೆ. ಇವರೆಲ್ಲರ ಜೊತೆಗೆ ಕೊಪೆಪಾಡ್, ಆಂಫಿಪಾಡ್ ಎಂಬ ಪುಟ್ಟ ಸಿಗಡಿಬಂಧುಗಳು, ಬಿರುಗೂದಲ ಹುಳುಗಳು, ಮರಳಿನೊಳಗೆ ಹುದುಗಿರುವ ಬಸವನಹುಳುಗಳು. ನಮ್ಮ ಹೊಲದಲ್ಲಿ ಎರೆಹುಳು ಮಾಡುವ ಕೆಲಸವೇ ಇವುಗಳದ್ದು: ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತ ಹಾಸನ್ನು ಸಡಿಲವಾಗಿಡುವುದು.

ಮರಳು ತೆಗೆದರೆ ಈ ಸಂಸಾರ ಎಷ್ಟು ದಿನಕ್ಕೆ ಮತ್ತೆ ನೆಲೆಗೊಳ್ಳುತ್ತದೆ? ನಮ್ಮ ಕರುಳಿನ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಬ್ಬಾಗವಾಗಬಲ್ಲದು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹಾಗಲ್ಲ, ಅದಕ್ಕೆ 15ರಿಂದ 24 ಗಂಟೆ ಬೇಕು. ದಿನಕ್ಕೊಂದು ಇಮ್ಮಡಿ ಎಂದು ಹಿಡಿಯೋಣ. ಕಾಲುಭಾಗ ಮರಳು ತೆಗೆದರೆ ಉಳಿದ ಮುಕ್ಕಾಲು ಪಾಲು ಮತ್ತೆ ಪೂರ್ತಿಯಾಗಲು 10 ಗಂಟೆ ಸಾಕು. ಮುಕ್ಕಾಲು ತೆಗೆದರೆ 2 ದಿನ. ನೂರರಲ್ಲಿ ಒಂದು ಪಾಲು ಮಾತ್ರ ಉಳಿದರೆ ಸುಮಾರು 7 ದಿನ. ಕಲ್ಲುಗಳ ಮೇಲೂ ಬ್ಯಾಕ್ಟೀರಿಯಾ ಇರುವುದರಿಂದ ವಾಸ್ತವ ಇಷ್ಟು ಕಠೋರವಲ್ಲ. ಆದರೆ ಹೊಸ ಬರಿಯ ಮರಳಿನ ಮೇಲೆ ಆ ಏಳು ದಿನ ಮೀನುಗಳು ತಮ್ಮ ಹೊಲಸಿನಲ್ಲೇ ಉಸಿರಾಡಬೇಕು. ಇದು ಬ್ಯಾಕ್ಟೀರಿಯಾದ ಮಾತಾಯಿತು. ಕೊಪೆಪಾಡ್‌ಗಳಿಗೆ ವಾರಗಳು ಬೇಕು, ಹುಳುಗಳಿಗೆ ತಿಂಗಳುಗಳು.

ಒಂದು ಹಿಡಿ ಪಾಚಿಯ ತೂಕ

ಮದ್ದು ಸುರಿದು ಪಾಚಿಯನ್ನು ಒಳಗೇ ಸಾಯಿಸುವ ದಾರಿಯೂ ಒಂದಿದೆ. ಅದರ ಲೆಕ್ಕವನ್ನೂ ನೋಡಿಬಿಡೋಣ.

ತೊಟ್ಟಿಯಲ್ಲಿ 100 ಗ್ರಾಂ ಹಸಿ ಪಾಚಿ ಇದೆ ಎಂದುಕೊಳ್ಳಿ. ಹಿಂಡಿದರೆ ಒಂದು ಮುಷ್ಟಿ. ಅದರಲ್ಲಿ 90 ಗ್ರಾಂ ನೀರು, 10 ಗ್ರಾಂ ಒಣ ಪದಾರ್ಥ. ಒಣ ತೂಕದಲ್ಲಿ ಸಾರಜನಕ ನೂರಕ್ಕೆ 3, ರಂಜಕ ನೂರಕ್ಕೆ 0.2 ಎಂದು ಹಿಡಿದರೆ 300 ಮಿ.ಗ್ರಾಂ ಸಾರಜನಕ, 20 ಮಿ.ಗ್ರಾಂ ರಂಜಕ. ಈ ಪಾಚಿ ಒಳಗೇ ಕೊಳೆತು ಸಾರಜನಕವೆಲ್ಲ ಅಮೋನಿಯಾ ಆದರೆ 150 ಲೀಟರ್ ನೀರಿನಲ್ಲಿ ಲೀಟರಿಗೆ 2.4 ಮಿ.ಗ್ರಾಂ. ಕಡಲನೀರಿನ ಪಿಎಚ್ 8.2ರ ಆಸುಪಾಸು. ಅಲ್ಲಿ ಅಮೋನಿಯಾದ ನೂರಕ್ಕೆ 5ರಿಂದ 7 ಪಾಲು ಕಿವಿರನ್ನು ಸುಡುವ ವಿಷರೂಪದಲ್ಲಿರುತ್ತದೆ. ಪಿಎಚ್ 7ರ ಸಿಹಿನೀರಿನಲ್ಲಿ ಈ ಪಾಲು 0.6 ಮಾತ್ರ. ಸಿಹಿನೀರಿನ ಮೀನು ಸಾಕಿ ರೂಢಿಯಾದವರು ಕಡಲ ತೊಟ್ಟಿಯಲ್ಲಿ ಏಟು ತಿನ್ನುವುದು ಈ ಹತ್ತುಪಟ್ಟಿನಲ್ಲೇ.

ಅಮೋನಿಯಾಕ್ಕಿಂತ ಮೊದಲು ಕೊಲ್ಲುವುದು ಉಸಿರಿನ ಕೊರತೆ. ಒಂದು ಗ್ರಾಂ ಅಮೋನಿಯಾ-ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ 4.57 ಗ್ರಾಂ ಆಮ್ಲಜನಕ ಬೇಕು. ನಮ್ಮ 300 ಮಿ.ಗ್ರಾಂಗೆ 1,370 ಮಿ.ಗ್ರಾಂ. 26 ಡಿಗ್ರಿ ಬಿಸಿಯ ಕಡಲನೀರು ಲೀಟರಿಗೆ ಸುಮಾರು 6.6 ಮಿ.ಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, ಇಡೀ ತೊಟ್ಟಿಯಲ್ಲಿ 990 ಮಿ.ಗ್ರಾಂ. ಅಂದರೆ ಒಂದು ಮುಷ್ಟಿ ಪಾಚಿ ಕೊಳೆತು ಕರಗಲು ತೊಟ್ಟಿಯಲ್ಲಿರುವ ಉಸಿರಿಗಿಂತ ಹೆಚ್ಚು ಉಸಿರು ಬೇಕು. ಕೊಳೆಯುವುದು ಹಲವು ದಿನಗಳಲ್ಲಿ ಆಗುತ್ತದೆ, ಪಂಪ್ ಮತ್ತು ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಗಾಳಿ ತುಂಬುತ್ತಲೇ ಇರುತ್ತವೆ ಎನ್ನುವುದು ನಿಜ. ಆದರೆ ಮದ್ದು ಹಾಕಿದ ರಾತ್ರಿ ಕರೆಂಟ್ ಹೋದರೆ ಬೆಳಗ್ಗೆ ಏನಾಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಅದೇ 100 ಗ್ರಾಂ ಪಾಚಿಯನ್ನು ಕೈಯಲ್ಲಿ ಕಿತ್ತು ಬಕೆಟ್ಟಿಗೆ ಹಾಕಿದರೆ? 300 ಮಿ.ಗ್ರಾಂ ಸಾರಜನಕ ಹೊರಗೆ ಹೋಯಿತು. ನೈಟ್ರೇಟಿನ ಲೆಕ್ಕದಲ್ಲಿ ಅದು ಲೀಟರಿಗೆ 8.9 ಮಿ.ಗ್ರಾಂ. ಜೊತೆಗೆ ಫಾಸ್ಫೇಟ್ ಲೀಟರಿಗೆ 0.4. ಹವಳ ಸಾಕುವವರು ಫಾಸ್ಫೇಟನ್ನು 0.03ರಿಂದ 0.1ರ ನಡುವೆ ಇಡಲು ಹೆಣಗುತ್ತಾರೆ. ಅದರ ನಾಲ್ಕು ಪಟ್ಟು ಒಂದು ಮುಷ್ಟಿಯಲ್ಲಿದೆ. ಪಾಚಿ ನಿಮ್ಮ ತೊಟ್ಟಿಯ ಗೊಬ್ಬರವನ್ನು ಮೂಟೆಕಟ್ಟಿ ಇಟ್ಟಿದೆ. ಮೂಟೆಯನ್ನು ಹೊರಗೆ ಎತ್ತಿ ಹಾಕಿ, ಒಳಗೇ ಬಿಚ್ಚಬೇಡಿ. ಪಾಚಿ ದಟ್ಟವಾಗಿದ್ದಾಗಲೂ ಟೆಸ್ಟ್ ಕಿಟ್ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಎಂದು ತೋರಿಸುವುದರ ಗುಟ್ಟೂ ಇದೇ. ನೀರಿನಲ್ಲಿ ಇರಬೇಕಾದದ್ದು ಪಾಚಿಯ ಮೈಯಲ್ಲಿರುತ್ತದೆ.

ಡಬ್ಬಿಯ ಲೆಕ್ಕ

ಈ ಗೊಬ್ಬರ ಬಂದದ್ದು ಎಲ್ಲಿಂದ? ಒಣ ಆಹಾರದ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪ್ರೋಟೀನ್ ಪ್ರಮಾಣ ಮುದ್ರಿಸಿರುತ್ತಾರೆ. ನೂರಕ್ಕೆ 45 ಎಂದು ಹಿಡಿಯೋಣ. ಪ್ರೋಟೀನಿನಲ್ಲಿ ಸಾರಜನಕ ನೂರಕ್ಕೆ 16. ಹಾಗಾದರೆ ಒಂದು ಗ್ರಾಂ ಆಹಾರದಲ್ಲಿ 72 ಮಿ.ಗ್ರಾಂ ಸಾರಜನಕ. ಪೂರ್ತಿ ನೈಟ್ರೇಟ್ ಆದರೆ 319 ಮಿ.ಗ್ರಾಂ, ಲೀಟರಿಗೆ 2.1. ರಂಜಕ ನೂರಕ್ಕೆ ಒಂದು ಎಂದರೆ 10 ಮಿ.ಗ್ರಾಂ. ಫಾಸ್ಫೇಟ್ ರೂಪದಲ್ಲಿ 31 ಮಿ.ಗ್ರಾಂ, ಲೀಟರಿಗೆ 0.2.

ಇಲ್ಲೊಂದು ಸಂಗತಿಯನ್ನು ನಿಂತು ನೋಡಬೇಕು. ಅಮೆರಿಕದ ಸಾಗರವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಕಡಲ ಪ್ಲವಕಗಳ ಮೈಯಲ್ಲಿ ಸಾರಜನಕ, ರಂಜಕಗಳ ಅನುಪಾತ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಎಂದು ಗುರುತಿಸಿದರು. ಇಂದು ಅವರ ಹೆಸರಿನಲ್ಲಿ ನಿಂತಿರುವ ಅನುಪಾತ ರಂಜಕದ ಒಂದು ಪರಮಾಣುವಿಗೆ ಸಾರಜನಕದ 16. ನಮ್ಮ ಡಬ್ಬಿಯ 72 ಮತ್ತು 10 ಮಿಲಿಗ್ರಾಂಗಳನ್ನು ಪರಮಾಣುಗಳ ಲೆಕ್ಕಕ್ಕೆ ತಿರುಗಿಸಿದರೆ ಬರುವುದು 15.9ಕ್ಕೆ 1. ಮೀನಿಗೆಂದು ಕೊಂಡ ಆಹಾರ ಪ್ಲವಕಗಳಿಗೂ ಅಳೆದು ಮಾಡಿಸಿದಂತಿದೆ. ಆಶ್ಚರ್ಯವೇನಿಲ್ಲ, ಕಡಲಿನ ಮೀನು ಕಟ್ಟಿಕೊಂಡಿರುವುದೇ ಪ್ಲವಕದ ಮೇಲೆ, ಮೀನಿನ ಪುಡಿಯೇ ಆ ಆಹಾರದ ಮೂಲ.

ದಿನಕ್ಕೆ ಒಂದು ಗ್ರಾಂ ಹಾಕಿದರೆ ವಾರಕ್ಕೆ ಲೀಟರಿಗೆ 15 ಮಿ.ಗ್ರಾಂ ನೈಟ್ರೇಟ್. ಮೀನಿನ ಮೈಗೆ ಸೇರುವುದು, ಸ್ಕಿಮ್ಮರ್ ಎಳೆಯುವುದು, ಕೆಳಪದರದ ಬ್ಯಾಕ್ಟೀರಿಯಾ ಅನಿಲವಾಗಿಸುವುದು ಎಲ್ಲ ಸೇರಿ ಅರ್ಧ ಕಳೆಯುತ್ತದೆ ಎಂದು ಉದಾರವಾಗಿ ಬಿಟ್ಟುಕೊಡೋಣ. ಆಗಲೂ ವಾರಕ್ಕೆ 7.5 ಉಳಿಯಿತು. ತೊಟ್ಟಿಯಲ್ಲಿ ಈಗ ನೈಟ್ರೇಟ್ 40 ಇದೆ, ನೀವು ವಾರವಾರ ತಪ್ಪದೆ ನೂರಕ್ಕೆ 15ರಷ್ಟು ನೀರು ಬದಲಿಸುತ್ತೀರಿ. ಮೊದಲ ವಾರ ಹೊರಹೋಗುವುದು 6, ಒಳಬರುವುದು 7.5. ಹೀಗೇ ಎಂಟು ವಾರ ನಡೆಸಿದರೆ ಕೊನೆಗೆ ನೈಟ್ರೇಟ್ 47. ಎಂಟು ವಾರ ಬಕೆಟ್ ಹೊತ್ತದ್ದಕ್ಕೆ ಸಿಕ್ಕ ಫಲ ಏಳು ಹೆಚ್ಚು.

ಆಹಾರವನ್ನು ಅರ್ಧ ಗ್ರಾಂಗೆ ಇಳಿಸಿ, ಬೇರೇನೂ ಬದಲಿಸಬೇಡಿ. ಎಂಟು ವಾರದ ಕೊನೆಗೆ 29.

ಆಹಾರ ಅರ್ಧ ಗ್ರಾಂ, ಅದೇ ನೀರಿನ ಬದಲಾವಣೆ, ಜೊತೆಗೆ ವಾರಕ್ಕೆ 50 ಗ್ರಾಂ ಪಾಚಿ ಕಿತ್ತು ಹೊರಗೆ ಹಾಕಿ. ಎಂಟು ವಾರದ ಕೊನೆಗೆ 7.5. ತೊಟ್ಟಿಯ ಪಾಚಿ ಮುಗಿದ ಮೇಲೆ ಸಂಪ್‌ನಲ್ಲಿ ಕೀಟೊಮಾರ್ಫಾ ಎಂಬ ದಾರದುಂಡೆಯಂಥ ಕಡಲಪಾಚಿಯನ್ನು ಬೆಳಕು ಕೊಟ್ಟು ಬೆಳೆಸಿ, ಅದನ್ನೇ ವಾರವಾರ ಕೊಯ್ಯಬಹುದು. ಹವಳವಿರುವ ತೊಟ್ಟಿಗೆ 5ರಿಂದ 10ರ ನೈಟ್ರೇಟ್ ಒಳ್ಳೆಯದೆಂದು ಅನುಭವಿಗಳ ಮಾತು. ನಾವು ಅಲ್ಲಿಗೇ ಬಂದೆವು, ಮರಳಿಗೆ ಇನ್ನೂ ಕೈ ಹಚ್ಚದೆ.

ಅರ್ಧ ಗ್ರಾಂನಲ್ಲಿ ಮೀನು ಉಪವಾಸ ಬೀಳುವುದಿಲ್ಲವೇ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಒಂದು ಜೋಡಿ ಕ್ಲೌನ್‌ಫಿಶ್, ಒಂದು ಗೋಬಿ, ಒಂದು ಡ್ಯಾಮ್ಸೆಲ್ ಸೇರಿ 25 ಗ್ರಾಂ ತೂಗಬಹುದು. ದಿನಕ್ಕೆ ಮೈತೂಕದ ನೂರಕ್ಕೆ 2 ಎಂದರೆ ಅರ್ಧ ಗ್ರಾಂ. ಅಷ್ಟು ಸಾಕು. ಗಾಜಿನ ಬಳಿ ಹೋದ ಕೂಡಲೇ ಮೀನು ಬಾಯಿ ತೆರೆದು ಬರುವುದು ಹಸಿವಿಗೆ ಮಾತ್ರವಲ್ಲ, ರೂಢಿಗೂ ಹೌದು.

ಫಾಸ್ಫೇಟ್ ಇಷ್ಟು ಸಲೀಸಾಗಿ ಇಳಿಯುವುದಿಲ್ಲ. ಅದಕ್ಕೆ ಅರಾಗೊನೈಟ್‌ನ ಮೈ ಇಷ್ಟ. ನೀರಿನಲ್ಲಿ ಹೆಚ್ಚಿದ್ದಾಗ ಕಣಕ್ಕೆ ಅಂಟಿ ಕೂರುತ್ತದೆ, ನೀರಿನಲ್ಲಿ ಇಳಿದಾಗ ಬಿಟ್ಟು ಹೊರಬರುತ್ತದೆ. ಆ 400 ಚದರಡಿ ಜಾಗ ಇಲ್ಲಿ ಗೋದಾಮು. ಕಬ್ಬಿಣದ ಆಕ್ಸೈಡ್ ಹರಳು ಹಾಕಿ ಇವತ್ತು 0.3 ಇದ್ದದ್ದನ್ನು 0.05ಕ್ಕೆ ಇಳಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಏರುವುದು ಇದರಿಂದ. ಹೊಸ ಮರಳು ಸುರಿಯುವವರ ವಾದಕ್ಕೆ ಇರುವ ಒಂದೇ ಗಟ್ಟಿ ಆಧಾರ ಇದು, ಒಪ್ಪುತ್ತೇನೆ. ಆದರೆ ಕಲ್ಲುಗಳೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಮರಳು ಎಸೆದರೂ ಕಲ್ಲಿನ ಗೋದಾಮು ಒಳಗೇ ಇರುತ್ತದೆ.

ನೀರಿನ ಮೂಲವನ್ನೂ ಮರೆಯುವಂತಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ನೈಟ್ರೇಟಿಗೆ ಹಾಕಿರುವ ಮಿತಿ ಲೀಟರಿಗೆ 45 ಮಿ.ಗ್ರಾಂ. ಮನುಷ್ಯ ಕುಡಿಯಲು ಯೋಗ್ಯವಾದ ಬೋರ್‌ವೆಲ್ ನೀರು 40ರ ನೈಟ್ರೇಟಿನೊಂದಿಗೂ ಪಾಸಾಗುತ್ತದೆ. ಆ ನೀರಿನಲ್ಲಿ ಉಪ್ಪು ಕರಗಿಸಿ ತೊಟ್ಟಿಗೆ ಸುರಿದರೆ ಮೇಲಿನ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಆರ್‌ಒ ನೀರೇ ಬೇಕು, ಕೊನೆಯಲ್ಲಿ ಉಳಿದ ಅಯಾನುಗಳನ್ನು ಹಿಡಿಯುವ ಡಿಐ ರಾಳದ ಹಂತವೂ ಇದ್ದರೆ ಉತ್ತಮ.

ಕೈ ಹಚ್ಚುವ ಮೊದಲು

ಬಂದಿರುವುದು ಯಾವುದು ಎಂದು ಗೊತ್ತಾಗಬೇಕು. ಹೊಸ ತೊಟ್ಟಿಯ ಕಂದು ಪುಡಿ ಡಯಾಟಮ್, ನೀರಿನ ಸಿಲಿಕೇಟ್ ತೀರಿದಂತೆ ಅದೂ ಹೋಗುತ್ತದೆ. ಕಡುಗೆಂಪು, ಹಾಳೆಯಂತೆ ಎದ್ದುಬರುವ ಲೋಳೆ ಸಯನೋಬ್ಯಾಕ್ಟೀರಿಯಾ. ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಹಸಿರು ಕೂದಲು ನಿಜವಾದ ಪಾಚಿ. ಈ ಮೂರಕ್ಕೂ ಕೆಳಗಿನ ಎಂಟು ವಾರದ ಕ್ರಮ ಸಲ್ಲುತ್ತದೆ.

ನಾಲ್ಕನೆಯದು ಬೇರೆ ಜಾತಿ. ಕಂದು ಲೋಳೆ, ದಾರದಂತೆ ತೇಲುವ ಎಳೆ, ತುದಿಯಲ್ಲಿ ಗುಳ್ಳೆ, ರಾತ್ರಿ ಮಾಯವಾಗಿ ಮಧ್ಯಾಹ್ನ ಮರಳುವುದು: ಇವು ಡೈನೋಫ್ಲಜಲೇಟ್ ಲಕ್ಷಣಗಳು. ಒಂದಿಷ್ಟು ಲೋಳೆಯನ್ನು ಸೀಸೆಯಲ್ಲಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆ ಕಟ್ಟಿಕೊಂಡರೆ ಅದೇ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದ ತೊಟ್ಟಿಗಳಲ್ಲೇ ಇದು ಹೆಚ್ಚು ಕಾಣಿಸುತ್ತದೆ. ಆದ್ದರಿಂದ ಇಲ್ಲಿ ಗೊಬ್ಬರ ಕಳೆಯುವ ಬದಲು ಸ್ವಲ್ಪ ಏರಿಸಬೇಕು. ಆಸ್ಟ್ರಿಯಾಪ್ಸಿಸ್ ಕುಲದವು ರಾತ್ರಿ ನೀರಿಗೆ ಏಳುವುದರಿಂದ ಯುವಿ ದೀಪಕ್ಕೆ ಸಿಗುತ್ತವೆ. ಆಂಫಿಡಿನಿಯಂ ಮರಳು ಬಿಟ್ಟು ಏಳುವುದಿಲ್ಲ, ಅದಕ್ಕೆ ಯುವಿ ಕೊಂಡರೆ ಹಣ ದಂಡ. ಆಸ್ಟ್ರಿಯಾಪ್ಸಿಸ್ ವಿಷಕಾರಿ, ಬರಿಗೈ ಹಾಕಬೇಡಿ.

ಎಂಟು ವಾರ, ನಾಲ್ಕು ಪಟ್ಟಿ

90 ಸೆಂ.ಮೀ. ಉದ್ದವನ್ನು 22.5 ಸೆಂ.ಮೀ.ನ ನಾಲ್ಕು ಪಟ್ಟಿಗಳಾಗಿ ಭಾಗ ಮಾಡಿ, ಹೊರಗಾಜಿಗೆ ಪೆನ್ನಿನಿಂದ ಗುರುತು ಹಾಕಿ. 1, 3, 5, 7ನೇ ವಾರಗಳಲ್ಲಿ ತಲಾ ಒಂದು ಪಟ್ಟಿ. ಒಂದು ಪಟ್ಟಿಯ ಮೇಲಿನ 1 ಸೆಂ.ಮೀ. ಮರಳು ಒಂದು ಲೀಟರ್, ತೂಕ ಒಂದೂವರೆ ಕಿಲೋ. ಅದನ್ನು ಸೈಫನ್ ಕೊಳವೆಯಿಂದ ಬಕೆಟ್ಟಿಗೆ ಎಳೆದುಕೊಳ್ಳಿ. ಆ ವಾರ ಹೇಗೂ ತೆಗೆಯಬೇಕಾದ 22 ಲೀಟರ್ ನೀರು ಮರಳಿನ ಜೊತೆಗೇ ಬರುತ್ತದೆ. ಅದೇ ನೀರಿನಲ್ಲಿ, ಐದೈದು ಲೀಟರಿನಂತೆ ಮೂರು ಸಲ, ಅಕ್ಕಿ ತೊಳೆದಂತೆ ತೊಳೆಯಿರಿ. ನಲ್ಲಿನೀರು ಬೇಡ. ಕೊಳಾಯಿಯ ಕೊನೆಯ ತನಕ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಅದೇ ಮಾನಕದ ನಿಯಮ. ಅದು ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ನೀರಿನ ಬಣ್ಣ ತಿಳಿಯಾದ ಮೇಲೆ ಮರಳನ್ನು ಅದರ ಜಾಗಕ್ಕೇ ಮರಳಿ ಹಾಕಿ. ಕೆಳಗಿನ 2 ಸೆಂ.ಮೀ.ಗೆ ಕೈ ಹಚ್ಚಬೇಡಿ. ಹಾಸು 10 ಸೆಂ.ಮೀ.ಗಿಂತ ಆಳವಿದ್ದು ಗಾಜಿನಲ್ಲಿ ಕಪ್ಪು ಕಲೆ ಕಾಣುತ್ತಿದ್ದರಂತೂ ಆಳಕ್ಕೆ ಕೊಳವೆ ಇಳಿಸಲೇಬಾರದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಲಿ ಕೂತಿರುತ್ತದೆ.

ತೊಳೆಯುವಾಗ ನಾಲ್ಕೂ ಪಟ್ಟಿ ಸೇರಿ ಸುಮಾರು 2 ಕಿಲೋ ಮರಳು ಸೋರಿಹೋಗುತ್ತದೆ ಎಂದು ಹಿಡಿಯಿರಿ. ಅಷ್ಟನ್ನು ಹೊಸ ಜೀವಂತ ಮರಳಿನಿಂದ ತುಂಬುವುದು ಹಾಲಿಗೆ ಹೆಪ್ಪು ಹಾಕಿದಂತೆ. ಆರೋಗ್ಯವಾದ ತೊಟ್ಟಿಯಿರುವ ಗೆಳೆಯರಿದ್ದರೆ ಅವರಲ್ಲಿ ಎರಡು ಲೋಟ ಮರಳು ಕೇಳಿ ತನ್ನಿ. ಪೊಟ್ಟಣದ ಮರಳಿಗಿಂತ ಅದು ಮೇಲು, ಏಕೆಂದರೆ ಅದರಲ್ಲಿ ಹುಳು, ಕೊಪೆಪಾಡ್‌ಗಳೂ ಬರುತ್ತವೆ. ಜೀವಾಮೃತ ಮಾಡುವ ರೈತರು ಬದುವಿನ ಹಿಡಿ ಮಣ್ಣು ಹಾಕುವುದು ಇದೇ ವಿವೇಕದಿಂದ. ಗೆಳೆಯರ ತೊಟ್ಟಿಯಲ್ಲಿ ರೋಗ ಇಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ.

ದೀಪ ದಿನಕ್ಕೆ 10 ಗಂಟೆಯಿಂದ 7ಕ್ಕೆ ಇಳಿಯಲಿ. ನಸಾರಿಯಸ್ ಬಸವನಹುಳು 8 ಸಾಕು, ಅವು ಮರಳಿನೊಳಗೇ ಹುದುಗಿದ್ದು ಆಹಾರದ ವಾಸನೆಗೆ ಮೇಲೇಳುತ್ತವೆ. ಆಂಟಿಬಯಾಟಿಕ್ ಹಾಕಿ ಸಯನೋಬ್ಯಾಕ್ಟೀರಿಯಾ ಕೊಲ್ಲುವುದನ್ನು ನಾನು ಒಪ್ಪುವುದಿಲ್ಲ. ಉಳಿಸಲು ಹೊರಟ ಜೀವವೂ ಬ್ಯಾಕ್ಟೀರಿಯಾವೇ, ಸಾಲದ್ದಕ್ಕೆ ಆ ನೀರು ಕೊನೆಗೆ ಹೋಗುವುದು ಊರ ಚರಂಡಿಗೆ.

ರೂಪಾಯಿಯಲ್ಲಿ

ಇಲ್ಲಿ ಹಿಡಿದಿರುವ ದರಗಳು ಲೆಕ್ಕದ ಅನುಕೂಲಕ್ಕೆ ನಾನು ಇಟ್ಟುಕೊಂಡವು, ನಿಮ್ಮೂರಿನ ಅಂಗಡಿಯ ದರವನ್ನು ಅದೇ ಜಾಗದಲ್ಲಿಟ್ಟು ಗುಣಿಸಿಕೊಳ್ಳಿ. ಜೀವಂತ ಮರಳು ಕಿಲೋಗೆ 400, ಅಕ್ವೇರಿಯಂ ಉಪ್ಪು ಕಿಲೋಗೆ 250 ರೂಪಾಯಿ.

ಪೂರ್ತಿ ಬದಲಿಸುವ ದಾರಿ: ಮರಳು 18 ಕಿಲೋ, 7,200 ರೂಪಾಯಿ. 150 ಲೀಟರ್ ಹೊಸ ನೀರಿಗೆ ಲೀಟರಿಗೆ 36 ಗ್ರಾಂನಂತೆ 5.4 ಕಿಲೋ ಉಪ್ಪು, 1,350. ಬ್ಯಾಕ್ಟೀರಿಯಾ ಸೀಸೆಗೆ 1,500. ಒಟ್ಟು 10,050. ಒಂದು ಭಾನುವಾರದಲ್ಲಿ ಕೆಲಸ ಮುಗಿಯುತ್ತದೆ.

ಎಂಟು ವಾರದ ದಾರಿ: 176 ಲೀಟರ್ ನೀರಿಗೆ 6.3 ಕಿಲೋ ಉಪ್ಪು, 1,584 ರೂಪಾಯಿ. ಹೆಪ್ಪಿನ ಮರಳು 2 ಕಿಲೋ, 800. ನೈಟ್ರೇಟ್ ಮತ್ತು ಫಾಸ್ಫೇಟ್ ಟೆಸ್ಟ್ ಕಿಟ್ 4,000. ಕಬ್ಬಿಣದ ಆಕ್ಸೈಡ್ 75 ಗ್ರಾಂನಂತೆ ಎರಡು ಸಲ, ಗ್ರಾಂಗೆ 3ರಂತೆ 450. ಬಸವನಹುಳು 8, ತಲಾ 150ರಂತೆ 1,200. ಸೈಫನ್ 400, ಸೋಸುವ ಹತ್ತಿ 300. ಒಟ್ಟು 8,734.

ವ್ಯತ್ಯಾಸ 1,316 ರೂಪಾಯಿ ಮಾತ್ರ. ಎಂಟು ವಾರದ ದುಡಿಮೆಗೆ ಇದು ದೊಡ್ಡ ಉಳಿತಾಯವಲ್ಲ, ದೊಡ್ಡದೆಂದು ಹೇಳುವುದೂ ಸರಿಯಲ್ಲ. ಆದರೆ 8,734ರಲ್ಲಿ 4,000 ಕಿಟ್‌ನದು. ಅದು ಈಗಾಗಲೇ ಮನೆಯಲ್ಲಿದ್ದರೆ ಖರ್ಚು 4,734ಕ್ಕೆ ಇಳಿಯುತ್ತದೆ, ಮೊದಲ ದಾರಿಯ ಅರ್ಧಕ್ಕಿಂತ ಕಡಿಮೆ. ಇನ್ನು ದಿನಕ್ಕೆ ಒಂದು ಗ್ರಾಂ ಆಹಾರ ಹಾಗೇ ಮುಂದುವರಿದರೆ ಮೊದಲ ದಾರಿಯವರು ಹೊಸ ಬಿಳಿ ಮರಳಿನ ಮೇಲೆ ಅದೇ ಪಾಚಿ ಕಂಡು 10,050ನ್ನು ಮತ್ತೊಮ್ಮೆ ತೆರಬೇಕು. ದೀಪದಲ್ಲಿ ಉಳಿಯುವುದು ಚಿಲ್ಲರೆ: 100 ವ್ಯಾಟ್, ದಿನಕ್ಕೆ 3 ಗಂಟೆ, 56 ದಿನಕ್ಕೆ 16.8 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ನೂರು ರೂಪಾಯಿ.

ರೂಪಾಯಿಗೆ ಸಿಗದ ಒಂದು ಖರ್ಚೂ ಇದೆ. ಮನೆಯ ಆರ್‌ಒ ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಬಿಡುತ್ತದೆ ಎಂದರೆ 176 ಲೀಟರಿಗೆ 528 ಲೀಟರ್. ಟ್ಯಾಂಕರ್ ಕಾಯುವ ಊರಿನಲ್ಲಿ ಅದನ್ನು ಮೋರಿಗೆ ಬಿಡಬಾರದು. ನೆಲ ಒರೆಸಲು, ಬಟ್ಟೆ ಜಾಲಿಸಲು ಅದು ಸಾಲುತ್ತದೆ. ಉಪ್ಪುನೀರನ್ನು ಮಾತ್ರ ಗಿಡದ ಬುಡಕ್ಕೆ ಸುರಿಯಬೇಡಿ.

ಕಡಲ ಮರಳು ಕಡಲಲ್ಲೇ ಇರಲಿ

ಕಿಲೋಗೆ 400 ಯಾಕೆ, ಪಣಂಬೂರಿನಲ್ಲೋ ಮಲ್ಪೆಯಲ್ಲೋ ಒಂದು ಚೀಲ ತುಂಬಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ನಮ್ಮ ಕರಾವಳಿಯ ಮರಳು ಬಹುಪಾಲು ಸ್ಫಟಿಕ ಶಿಲೆಯ ಚೂರು, ಅಂದರೆ ಸಿಲಿಕಾ. ಒಂದು ಚಮಚ ಮರಳಿಗೆ ವಿನೆಗರ್ ಬಿಟ್ಟು ನೋಡಿ. ಅರಾಗೊನೈಟ್ ನೊರೆಯುಕ್ಕಿಸುತ್ತದೆ, ಸ್ಫಟಿಕ ಸುಮ್ಮನಿರುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ದಡದಲ್ಲಿ ಚಿಪ್ಪಿನ ಚೂರು ಹೇರಳವಾಗಿದೆ, ಆದರೆ ಆ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳು ಗಣಿಗಾರಿಕೆಯನ್ನು ಆ ವಲಯದ ನಿಯಮಗಳೂ ನಿಷೇಧಿಸಿವೆ. ಹವಳ, ಹವಳದ ಕಲ್ಲುಗಳ ವಿಷಯ ಇನ್ನೂ ಗಂಭೀರ. 2001ರಿಂದ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಶ್ರಯದಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ನೋಡಿ ಬನ್ನಿ, ತರಬೇಡಿ. ವಿದೇಶಿ ಪುಸ್ತಕಗಳು ಮರಳು ಶುಚಿ ಮಾಡಲು ಹೇಳುವ ಕಡಲ ಸೌತೆಯೂ ಅದೇ ವರ್ಷ ಅದೇ ಕಾಯ್ದೆಯ ಪಟ್ಟಿಗೆ ಸೇರಿದ್ದು. ಅಂಗಡಿಯವರು ಕೊಡುತ್ತೇವೆಂದರೂ ಬೇಡವೆನ್ನಿ.

ಮಳೆಗಾಲದಲ್ಲಿ ದಡದಿಂದ ನೀರು ತರುವವರಿಗೂ ಒಂದು ಮಾತು. ನೇತ್ರಾವತಿ, ಫಲ್ಗುಣಿ ತುಂಬಿ ಹರಿಯುವಾಗ ಮಂಗಳೂರಿನ ದಡದ ನೀರಿನ ಉಪ್ಪಂಶ ಇಳಿದಿರುತ್ತದೆ, ಹೊಲಗದ್ದೆಯ ಗೊಬ್ಬರವೂ ಅದರಲ್ಲಿ ಬೆರೆತಿರುತ್ತದೆ. ಅಳೆಯದೆ ಒಂದು ಕೊಡವನ್ನೂ ತೊಟ್ಟಿಗೆ ಹಾಕಬಾರದು.

ಪಾಚಿ ಹಿಡಿದ ತೊಟ್ಟಿಯ ಮುಂದೆ ನಿಂತು ಮರಳಿನ ಬೆಲೆ ವಿಚಾರಿಸಲು ಫೋನ್ ಎತ್ತಿದವರಲ್ಲಿ ನನ್ನದೊಂದೇ ವಿನಂತಿ. ಒಂದು ವಾರ ತಡೆಯಿರಿ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತಂದು, ಮನೆಯವರೆಲ್ಲ ಹಾಕುವ ಚಿಟಿಕೆಗಳನ್ನೂ ಸೇರಿಸಿ, ದಿನಕ್ಕೆ ಎಷ್ಟು ಆಹಾರ ತೊಟ್ಟಿಗೆ ಬೀಳುತ್ತಿದೆ ಎಂದು ಏಳು ದಿನ ತೂಗಿ ಬರೆದಿಡಿ. ಆ ಅಂಕಿ ಕೈಗೆ ಬಂದ ಮೇಲೆ ಮರಳಿನ ವಿಚಾರ ಮಾಡಿ.